ಚರ್ಚಿನ ‘ಮಿಷನ್ ಕಾಣಿಕೆ’ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನನ್ನ ಸಹೋದ್ಯೋಗಿಯೊಬ್ಬರು ಸಂಬಳ ಬಂದ ಕೂಡಲೇ ‘ಮಿಷನ್ ಕಾಣಿಕೆ’ ಎಂದು ಒಂದಿಷ್ಟು ಹಣ ತೆಗೆದಿಡುತ್ತಾರೆ. ಚರ್ಚುಗಳಿಗೆ ವಿದೇಶದಿಂದಲೇ ಹಣ ಬರುತ್ತದೆ ಎನ್ನುತ್ತಾರಲ್ಲ, ಹಾಗಿದ್ದರೆ ಇವರೇಕೆ ಕೊಡಬೇಕು? ಊರಿನಲ್ಲೂ ಹೊರದೇಶದಲ್ಲೂ ಆ ಹಣದಿಂದ ನಡೆಯುವ ಕೆಲಸವಾದರೂ ಏನು? ಮತಾಂತರವೇ?

ಉತ್ತರ:

ನಾನು ಮಂಗಳೂರು ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಸ್ಥಳೀಯ ಚರ್ಚಿನ, ಸದಸ್ಯ. ಕೆಲವು ವರ್ಷ ಅದರ ಖಜಾಂಚಿಯೂ ಆಗಿದ್ದೆ. ಹಾಗಾಗಿ ದೇವಶಾಸ್ತ್ರಕ್ಕಿಂತ ಲೆಕ್ಕದ ಪುಸ್ತಕ ಹಿಡಿದು ಉತ್ತರಿಸುವುದೇ ನನಗೆ ಸುಲಭ. ಕ್ಯಾಥೊಲಿಕರ ವ್ಯವಸ್ಥೆ ಬೇರೆ, ಪೆಂತೆಕೋಸ್ತರದು ಇನ್ನೂ ಬೇರೆ. ನಾನು ಹೇಳುತ್ತಿರುವುದು ಬಾಸೆಲ್ ಮಿಷನ್ ಪರಂಪರೆಯಿಂದ ಬಂದ ನಮ್ಮಂಥ ಸಭೆಗಳ ಸಂಗತಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಹಣ ನೀವು ಊಹಿಸಿರುವುದಕ್ಕಿಂತ ಬಹಳ ಕಡಿಮೆ. ಅದರ ಬಹುಪಾಲು ನಮ್ಮ ಊರಿನ ಆಸುಪಾಸಿನಲ್ಲೇ ಖರ್ಚಾಗುತ್ತದೆ. ಅದು ಹೆಚ್ಚಾಯಿತು ಎಂದು ನೀವು ಗೊಣಗಬಹುದು. ತೀರಾ ಕಡಿಮೆಯಾಯಿತು ಎಂಬುದು ನನ್ನ ಗೊಣಗಾಟ.

ವಿದೇಶದ ಹಣದ ಕಥೆ ಸುಳ್ಳೇನಲ್ಲ, ಆದರೆ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಇವರ ಊಟ, ಬಟ್ಟೆ, ಹಡಗಿನ ಖರ್ಚನ್ನೆಲ್ಲ ಯಾರು ನೋಡಿಕೊಂಡರು? ಬಾಸೆಲಿನ ರೇಷ್ಮೆ ಪಟ್ಟಿಯ ವ್ಯಾಪಾರಿಗಳು ಕೊಟ್ಟದ್ದುಂಟು. ಆದರೆ ನನಗೆ ಹೆಚ್ಚು ಹಿಡಿಸುವುದು ಅಲ್ಲಿ 19ನೇ ಶತಮಾನದ ನಡುಭಾಗದಲ್ಲಿ ಶುರುವಾದ ‘ಅರ್ಧ ಬಾಟ್ಸೆನ್’ ಸಂಗ್ರಹ. ವಾರಕ್ಕೊಂದು ಚಿಲ್ಲರೆ ನಾಣ್ಯ, ಅಷ್ಟೇ. ಕೊಡುತ್ತಿದ್ದವರು ರೈತರು, ಕೂಲಿಯವರು, ಮನೆಗೆಲಸದ ಹೆಂಗಸರು. ಮಂಗಳೂರನ್ನು ನಕ್ಷೆಯಲ್ಲಿ ತೋರಿಸಲೂ ಬಾರದ ಜನ ಮಂಗಳೂರಿಗೆಂದು ಕೊಟ್ಟ ದುಡ್ಡು ಅದು. 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದದ್ದು, ಕಿಟೆಲ್ ದಶಕಗಟ್ಟಲೆ ದುಡಿದ ನಿಘಂಟು 1894ರಲ್ಲಿ ಅಚ್ಚಾದದ್ದು, ಉಡುಪಿಯವರು ಇಂದಿಗೂ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಲೊಂಬಾರ್ಡ್ ಆಸ್ಪತ್ರೆಯನ್ನು 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ತೆರೆದದ್ದು, ಎಲ್ಲದರ ಹಿಂದೆಯೂ ಇಂಥ ಮಂದಿ ಇದ್ದಾರೆ.

ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯ ಹಿನ್ನೆಲೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದನ್ನು ಬರೀ ವ್ಯಾಪಾರ ಎಂದುಕೊಂಡವರೇ ಹೆಚ್ಚು. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗಿಟ್ಟಾಗ ಅವರ ಕಸುಬೂ ಗದ್ದೆಯೂ ಕೈತಪ್ಪುತ್ತಿದ್ದವು. ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಹುಡುಕುವ ಗೋಜಿನಿಂದಲೇ ಮೊದಲು ನೇಯ್ಗೆ, ಆಮೇಲೆ 1865ರಲ್ಲಿ ಮಿಷನರಿ ಪ್ಲೆಬ್ಸ್ಟ್ ಆರಂಭಿಸಿದ ಹಂಚು ಬಂತು. ಇದಕ್ಕೊಂದು ಕೆಟ್ಟ ಮುಖವೂ ಇದೆ, ಮುಚ್ಚಿಡುವುದು ಬೇಡ: ಧಣಿಯೂ ಮಿಷನ್, ದೇವಾಲಯವೂ ಮಿಷನ್, ಶಾಲೆಯೂ ಮಿಷನ್. ಹೀಗೆ ಎಲ್ಲವೂ ಒಂದೇ ಕೈಯಲ್ಲಿ ಇದ್ದುದರಿಂದ ನಮ್ಮ ಸಭೆಗಳಿಗೆ ಸ್ವಂತ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ತಡವಾಗಿ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗಟ್ಟಿದರು, ಕಾರ್ಖಾನೆಗಳು ಪರರ ಪಾಲಾದವು. ಕಲಿಯಬೇಕಾದ್ದನ್ನು ಆಗ ಕಲಿಯಲೇಬೇಕಾಯಿತು.

‘ಇವರೇಕೆ ಕೊಡಬೇಕು’ ಎಂದು ಕೇಳಿದ್ದೀರಿ. ಭಾರತದ ಕ್ರೈಸ್ತರು ತಮ್ಮದೇ ದುಡ್ಡಿನಲ್ಲಿ ಮಿಷನ್ ಕೆಲಸ ಶುರುಮಾಡಿ ನೂರು ವರ್ಷಗಳ ಮೇಲಾಯಿತು. ಕ್ರೈಸ್ತ ಮುಖಂಡ ವಿ.ಎಸ್. ಅಜರಯ್ಯ ಮತ್ತು ಸಂಗಡಿಗರು 1903ರಲ್ಲಿ ತಿರುನೆಲ್ವೇಲಿಯಲ್ಲಿ ಭಾರತೀಯ ಮಿಷನರಿ ಸಂಘವನ್ನು ಕಟ್ಟಿದರು. ಎರಡು ವರ್ಷಗಳ ಬಳಿಕ ಸೆರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘ ಹುಟ್ಟಿತು. ಕೆಲಸಗಾರರೂ ನಮ್ಮವರೇ, ಹಣವೂ ನಮ್ಮದೇ, ಆಡಳಿತವೂ ನಮ್ಮದೇ ಎಂಬುದು ಅದರ ಹಟ. ಮಿಜೋರಾಮಿನಲ್ಲಿ 1910ರ ಸುಮಾರಿಗೆ ಹೆಂಗಸರು ಪ್ರತಿ ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿಡುವ ಪದ್ಧತಿ ಶುರುಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಆ ಅಕ್ಕಿ ಮಾರಿದ ಹಣದಿಂದ ಮಿಜೋ ಸಭೆಗಳು ದೇಶದ ಬೇರೆ ಭಾಗಗಳಿಗೂ ಹೊರದೇಶಗಳಿಗೂ ತಮ್ಮವರನ್ನು ಕಳುಹಿಸುತ್ತವೆ. ನಿಮ್ಮ ಸಹೋದ್ಯೋಗಿ ತೆಗೆದಿಡುವ ಹಣ ಈ ಸಾಲಿಗೆ ಸೇರಿದ್ದು.

ಇನ್ನು ಈಗಿನ ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಲಿ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದವರು ಹೊರಗಿನಿಂದ ದೇಣಿಗೆ ಪಡೆಯುವಂತಿಲ್ಲ. ಸಾಮಾನ್ಯವಾಗಿ ನೋಂದಣಿ ಇರುವುದು ದೊಡ್ಡ ಸಂಸ್ಥೆಗಳಿಗೆ, ಮೂಲೆಯ ಸಭೆಗಳಿಗಲ್ಲ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ನಾನು ಖಜಾಂಚಿಯಾಗಿದ್ದಷ್ಟು ಕಾಲ ನಮ್ಮ ಸಭೆಯ ಪುಸ್ತಕದಲ್ಲಿ ಹೊರದೇಶದ ಸಂಸ್ಥೆಯ ಒಂದೇ ಒಂದು ರೂಪಾಯಿ ಜಮೆಯಾಗಿಲ್ಲ.

ಹಾಗಾದರೆ ಜಮೆಯಾಗುವುದು ಏನು? ಭಾನುವಾರದ ಕಾಣಿಕೆ ಚೀಲ ಸಭೆಯ ಸ್ವಂತ ಖರ್ಚಿಗೆ ಹೋಗುತ್ತದೆ: ಸಭಾಪ್ರಾಂತಕ್ಕೆ (ಬಿಷಪರ ಆಡಳಿತದ ಪ್ರಾಂತಕ್ಕೆ) ಕಟ್ಟಬೇಕಾದ ಪಾಲು, ವಿದ್ಯುತ್ ಬಿಲ್ಲು, ಸುಣ್ಣಬಣ್ಣ. ಮಿಷನ್ ಕೆಲಸಕ್ಕೆ ಬೇರೆ ಲಕೋಟೆ, ಬೇರೆ ಖಾತೆ. ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಇಬ್ಬರು ಹಿರಿಯರು ಎದುರುಬದುರು ಕುಳಿತು ಎಣಿಸುತ್ತಾರೆ. ಒಬ್ಬರೇ ಎಣಿಸುವಂತಿಲ್ಲ. ನಾಲ್ಕಾಗಿ ಮಡಚಿ ಬೆವರಿಗೆ ಅಂಟಿಕೊಂಡ ಹತ್ತರ ನೋಟುಗಳನ್ನು ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆಮೇಲೆ ಇಬ್ಬರ ರುಜು, ಖಜಾಂಚಿಯ ರುಜು. ಈಚೆಗೆ ಯುವಕರು ಮೊಬೈಲಿನಲ್ಲೇ ಕಳುಹಿಸುತ್ತಾರೆ, ಎಣಿಸುವವರಿಗೆ ಅಷ್ಟರ ಮಟ್ಟಿಗೆ ಬಿಡುವು.

ಆ ಖಾತೆಗೆ ನಿಜವಾದ ಜೀವ ಬರುವುದು ಬೆಳೆ ಹಬ್ಬದ ದಿನ. ಮನೆಮನೆಯಿಂದ ತಂದ ಬಾಳೆಗೊನೆ, ತೆಂಗಿನಕಾಯಿ, ಮಂಗಳೂರು ಸೌತೆ, ಬಸಳೆ ಕಟ್ಟು, ಕೂಗಾಡುವ ಊರ ಕೋಳಿ, ಯಾರೋ ರಾತ್ರಿಯಿಡೀ ಕುಳಿತು ಮಾಡಿದ ಕೇಕು ಎಲ್ಲವನ್ನೂ ಅಂಗಳದಲ್ಲಿ ಏಲಂ ಹಾಕುತ್ತಾರೆ. ಕೂಗುವವರು ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರು; ಯಾರ ಜೇಬಿನಲ್ಲಿ ಎಷ್ಟಿದೆ ಎಂದು ಅವರಿಗೆ ಗೊತ್ತು. ಒಂದು ಸೌತೆಕಾಯಿಯನ್ನು ಕೊಂಡವರು ಅದನ್ನು ಮತ್ತೆ ಏಲಂಗೆ ಒಪ್ಪಿಸುತ್ತಾರೆ, ಇನ್ನೊಬ್ಬರು ಕೊಂಡು ಅವರೂ ಒಪ್ಪಿಸುತ್ತಾರೆ. ಬಂಗಾರದ ಬೆಲೆಗೆ ಮಾರಾಟವಾದ ಆ ಸೌತೆಕಾಯಿ ಕೊನೆಗೆ ಸಭಾಪಾಲಕರ ಮನೆಯ ಸಾಂಬಾರಿಗೆ ಹೋಗುತ್ತದೆ. ಹೊರಗಿನವರಿಗೆ ಇದು ಮಕ್ಕಳಾಟ ಎನಿಸಬಹುದು. ಆದರೆ ಆ ಮಧ್ಯಾಹ್ನ ಬರುವ ಮೊತ್ತವನ್ನು ವರ್ಷದ ಯಾವ ಧರ್ಮೋಪದೇಶವೂ ತಂದುಕೊಟ್ಟದ್ದನ್ನು ನಾನು ನೋಡಿಲ್ಲ.

ಖರ್ಚಿನ ಪೈಕಿ ನಮ್ಮಲ್ಲಿ ದೊಡ್ಡದು ಆಸ್ಪತ್ರೆಯ ಊಟ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಉತ್ತರ ಕರ್ನಾಟಕದಿಂದಲೂ ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ. ರೋಗಿಯ ಊಟ ಹೇಗೋ ನಡೆಯುತ್ತದೆ. ಹಸಿದುಕೊಂಡು ವರಾಂಡದಲ್ಲಿ ಮಲಗುವವರು ಜತೆಗೆ ಬಂದವರು. ಅವರಿಗೆ ಊಟ ಕೊಡುವ ಸಂಘಗಳು ನಗರದಲ್ಲಿ ಎಲ್ಲ ಧರ್ಮದವರದೂ ಇವೆ, ನಾವು ಅವರಲ್ಲೊಬ್ಬರು. ನಮ್ಮ ಸ್ತ್ರೀಯರ ಸಂಘದವರು ಮೊದಮೊದಲು ಕುಚ್ಚಲಕ್ಕಿ ಅನ್ನ ಒಯ್ಯುತ್ತಿದ್ದರು. ಕೊಪ್ಪಳದ ಕಡೆಯ ಒಬ್ಬ ಅಜ್ಜಿ ಎರಡು ತುತ್ತು ತಿಂದು, “ತಾಯಿ, ಈ ಅಕ್ಕಿ ಇನ್ನೂ ಬೆಂದಿಲ್ಲ” ಎಂದರು. ಅಂದಿನಿಂದ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನವೂ ಚಪಾತಿಯೂ ಹೋಗುತ್ತಿವೆ. ಇದಲ್ಲದೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆಯ ಪಾಠ, ಕೆಲವರಿಗೆ ಕಾಲೇಜು ಶುಲ್ಕ, 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪರಿಹಾರ ಶಿಬಿರಗಳಿಗೆ ಕಂಬಳಿ, ಪಾತ್ರೆ. ಒಂದು ಪಾಲು ಸಭಾಪ್ರಾಂತದ ಮೂಲಕ ಘಟ್ಟದ ಕೆಳಗಿನ ಸಣ್ಣ ಸಭೆಗಳಿಗೆ, ಅಂದರೆ ತಮ್ಮ ಬೋಧಕರ ಸಂಬಳವನ್ನು ತಾವೇ ಹೊಂದಿಸಲಾಗದವರಿಗೆ ಹೋಗುತ್ತದೆ.

ಈಗ ಮತಾಂತರ. ನೀವು ನೇರವಾಗಿ ಕೇಳಿದ್ದೀರಿ, ನಾನೂ ಸುತ್ತಿಬಳಸುವುದಿಲ್ಲ. ಸುವಾರ್ತೆ ಸಾರುವುದು ನಮ್ಮ ನಂಬಿಕೆಯ ಭಾಗ, ಇಲ್ಲ ಎಂದರೆ ಅದು ಸುಳ್ಳು. ಸಂವಿಧಾನದ 25ನೇ ವಿಧಿ ಪ್ರಚಾರದ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದ 2022ರ ಕಾಯ್ದೆಯು ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು, ಮರುವರ್ಷ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಕಾಯ್ದೆಗಳ ಜಗ್ಗಾಟ ಅತ್ತ ಇರಲಿ. ನಮ್ಮ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿರುವ ಹೆಸರುಗಳು ಹೆಚ್ಚುಕಡಿಮೆ ಎಲ್ಲವೂ ನಮ್ಮದೇ ಮನೆಗಳ ಕೂಸುಗಳವು.

ಆದರೆ ಒಳಗೆ ಜಗಳವೇ ಇಲ್ಲ ಎಂದುಕೊಳ್ಳಬೇಡಿ. ಊಟದ ಪೊಟ್ಟಣದ ಜತೆ ಒಂದು ಕರಪತ್ರ ಇಟ್ಟರೇನು ಎಂದು ಸಮಿತಿಯಲ್ಲಿ ಒಬ್ಬರು ಪಟ್ಟು ಹಿಡಿದರು. ನಮ್ಮ ದುಡ್ಡು, ನಮ್ಮ ಅಕ್ಕಿ, ನಮ್ಮ ನಂಬಿಕೆಯನ್ನು ಹೇಳಿದರೆ ತಪ್ಪೇನು ಎಂಬುದು ಅವರ ವಾದ. ನಿವೃತ್ತ ದಾದಿಯೊಬ್ಬರು ಆವರೆಗೆ ಸುಮ್ಮನಿದ್ದವರು, “ಅನ್ನಕ್ಕೆ ಕೈಚಾಚಿದವರು ಕಾಗದ ಬೇಡ ಎನ್ನುವುದು ಹೇಗೆ? ಬೇಡ ಎನ್ನಲಾಗದವರ ಕೈಯಲ್ಲಿ ಅದನ್ನು ಇಡಬೇಡಿ” ಎಂದರು. ಕರಪತ್ರ ಇಡಬಾರದೆಂದು ನಿರ್ಣಯವಾಯಿತು. ಪಟ್ಟು ಹಿಡಿದವರು ಈಗಲೂ ಒಪ್ಪಿಲ್ಲ, ಆದರೆ ಪ್ರತಿ ಸರದಿಯಲ್ಲೂ ಪಾತ್ರೆ ಹೊರಲು ಎಲ್ಲರಿಗಿಂತ ಮುಂಚೆ ಬಂದಿರುತ್ತಾರೆ. ಎಲ್ಲ ಚರ್ಚುಗಳೂ ಹೀಗೆಯೇ ನಡೆದುಕೊಳ್ಳುತ್ತವೆ ಎಂದು ನಾನು ಜಾಮೀನು ನಿಲ್ಲುವುದಿಲ್ಲ. ಕಾಯಿಲೆ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂದು ಆಸೆ ತೋರಿಸಿ ಜನ ಸೇರಿಸುವವರನ್ನು ನಾನೂ ಕಂಡಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ.

ಹೊರದೇಶದ ಕೆಲಸ ಎಂದಾಗ ಆಫ್ರಿಕಾದ ಕಾಡಿಗೆ ಹೋಗುವ ಪಾದ್ರಿಯ ಚಿತ್ರ ನಿಮ್ಮ ಕಣ್ಣ ಮುಂದೆ ಬಂದಿರಬಹುದು. ನಮ್ಮ ಪಾಲಿಗೆ ಹೊರದೇಶ ಎಂದರೆ ಮುಖ್ಯವಾಗಿ ಕೊಲ್ಲಿ ದೇಶಗಳು. ಕರಾವಳಿಯ ಪ್ರತಿ ಮನೆಯಿಂದಲೂ ಯಾರಾದರೂ ಒಬ್ಬರು ಅಲ್ಲಿರುತ್ತಾರೆ. ಕನ್ನಡದಲ್ಲಿ ಆರಾಧಿಸುವ ಕೂಟಗಳು ಅಲ್ಲಿನ ನಗರಗಳಲ್ಲಿವೆ. ಹೆಚ್ಚಿನ ಕಡೆ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಆರಾಧನೆ ಶುಕ್ರವಾರವೇ ನಡೆಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನ 2022ರಿಂದ ವಾರಾಂತ್ಯವನ್ನು ಶನಿವಾರ-ಭಾನುವಾರಕ್ಕೆ ಬದಲಿಸಿದಾಗ ಅಲ್ಲಿನ ಎಷ್ಟೋ ಸಭೆಗಳು ವೇಳಾಪಟ್ಟಿಯನ್ನು ಹೊಸದಾಗಿ ಬರೆಯಬೇಕಾಯಿತು. ಕುವೈತಿನಲ್ಲಿ ಅಮೆರಿಕದ ಅರೇಬಿಯನ್ ಮಿಷನ್ ಕಟ್ಟಿದ ಒಂದು ಹಳೆಯ ಆವರಣವಿದೆ. ಹತ್ತಾರು ಭಾಷೆಗಳ ಸಭೆಗಳು ಅದನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಂಡು ಆರಾಧಿಸುತ್ತವೆ. ಒಂದು ಭಾಷೆಯವರ ಕೊನೆಯ ಹಾಡಿಗೆ ಇನ್ನೊಂದು ಭಾಷೆಯವರು ಬಾಗಿಲಲ್ಲಿ ಕಾದಿರುತ್ತಾರೆ.

ಆ ದೇಶಗಳಲ್ಲಿ ಮುಸ್ಲಿಮರಲ್ಲಿ ಮತಪ್ರಚಾರ ಮಾಡುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಅಲ್ಲಿ ಸಭೆಯ ಸೇವೆ ಎಂದರೆ ಕಷ್ಟದಲ್ಲಿರುವವರ ನೆರವು ಮಾತ್ರ. ಮಾಲೀಕನು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮನೆಗೆಲಸದ ಹೆಂಗಸಿಗೆ ರಾಯಭಾರ ಕಚೇರಿಯ ದಾರಿ ತೋರಿಸುವುದು, ಸಂಬಳ ಸಿಗದೆ ಕುಳಿತವನಿಗೆ ಟಿಕೆಟ್ ತೆಗೆದುಕೊಡುವುದು, ಸತ್ತವರ ದೇಹವನ್ನು ಊರಿಗೆ ತಲುಪಿಸಲು ಬೇಕಾದ ಕಾಗದಪತ್ರಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವುದು. ಊರಿನಲ್ಲಿ ನಾವು ಮಾಡುವುದು ಇದರ ಈಚೆಯ ತುದಿ: ಮನೆಯವರಿಗೆ ಸುದ್ದಿ ಮುಟ್ಟಿಸುತ್ತೇವೆ, ವಿಮಾನ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇವೆ. ಸತ್ತವರು ಯಾವ ಧರ್ಮದವರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೇಂದ್ರವಿರುವ ಇ.ಎಂ.ಎಸ್. ಎಂಬ ಸಭೆಗಳ ಒಕ್ಕೂಟವೊಂದಿದೆ. ಸಿ.ಎಸ್.ಐ. ಅದರ ಸದಸ್ಯ, ಘಾನಾ, ಇಂಡೋನೇಷ್ಯಾ, ಕೊರಿಯಾದ ಸಭೆಗಳೂ ಇವೆ. ಅದರ ಮೂಲಕ ಜರ್ಮನ್ ಹುಡುಗ ಹುಡುಗಿಯರು ಇಲ್ಲಿನ ಶಾಲೆ, ವಸತಿ ನಿಲಯಗಳಲ್ಲಿ ದುಡಿಯಲು ಬರುತ್ತಾರೆ, ನಮ್ಮಂಥ ದೇಶಗಳ ಯುವಜನರೂ ಅಲ್ಲಿಗೆ ಹೋಗುತ್ತಾರೆ. ಹಾಗೆ ಹೋಗಿಬಂದ ನಮ್ಮ ಪರಿಚಯದ ಹುಡುಗಿಯೊಬ್ಬಳಿಗೆ ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸವಿತ್ತು. ಮಕ್ಕಳು ವರ್ಷಕ್ಕೊಮ್ಮೆಯೂ ಬಾರದ ಅಜ್ಜಂದಿರಿಗೆ ಊಟ ಮಾಡಿಸಿ, ಅವರ ಪಕ್ಕ ಕುಳಿತು ಕೈ ಹಿಡಿದುಕೊಂಡಿರುವುದೇ ಕೆಲಸ. ಅರ್ಧ ಬಾಟ್ಸೆನ್ ಕೊಟ್ಟವರ ಮರಿಮಕ್ಕಳೇ ಅವರಾಗಿದ್ದರೂ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ದೂರನ್ನೂ ಕೇಳಿ. ನಮ್ಮ ವಾರ್ಷಿಕ ಲೆಕ್ಕಪತ್ರ ಅಚ್ಚಾಗಿ ಪ್ರತಿ ಮನೆಗೂ ಹೋಗುತ್ತದೆ. ಅದರಲ್ಲಿ ಕಟ್ಟಡದ ಪುಟ ತುಂಬಿ ತುಳುಕುತ್ತದೆ, ಮಿಷನ್ ಖರ್ಚು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಮೈಕು, ಕುರ್ಚಿ, ಗ್ರಾನೈಟು, ಶತಮಾನೋತ್ಸವದ ಕಮಾನು ಇವಕ್ಕೆ ಕೇಳಿದರೆ ಹಣ ಬರುತ್ತದೆ, ಏಕೆಂದರೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ಚಪಾತಿಯ ಮೇಲೆ ಕೆತ್ತಿಸಲಾಗುವುದಿಲ್ಲವಲ್ಲ. ಸಭೆಯ ಒಟ್ಟು ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕಾಂಪೌಂಡಿನಾಚೆ ಹೋಗಲೇಬೇಕು ಎಂದು ಕಳೆದ ವಾರ್ಷಿಕ ಸಭೆಯಲ್ಲಿ ನಾವು ಕೆಲವರು ನಿರ್ಣಯ ಮಂಡಿಸಿದೆವು. ಸಭಾಭವನಕ್ಕೆ ಹವಾನಿಯಂತ್ರಣ ಹಾಕಿಸಿದ ಮೇಲೆ ನೋಡೋಣ ಎಂದು ಅದನ್ನು ಮುಂದೂಡಿದ್ದಾರೆ. ಈ ವರ್ಷ ಮತ್ತೆ ಮಂಡಿಸುತ್ತೇವೆ.