ಗಾಲ್ಫ್ ಕ್ಲಬ್ ಕಟ್ಟುವ ಕಸುಬು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಗಾಲ್ಫ್ ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ರಿಪೇರಿ ಮತ್ತು ಫಿಟಿಂಗನ್ನೇ (ಆಟಗಾರನಿಗೆ ತಕ್ಕಂತೆ ಕ್ಲಬ್ ಹೊಂದಿಸುವುದು) ಸಣ್ಣ ಉದ್ಯೋಗ ಮಾಡಿಕೊಳ್ಳುವ ಬಗ್ಗೆ ಬೆಂಗಳೂರು, ಮೈಸೂರು, ಮಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ವಿಷಯದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ದೊಮ್ಮಲೂರಿನಲ್ಲಿ 10 ಅಡಿಗೆ 12 ಅಡಿಯ ಒಂದು ಕೋಣೆ ಇದೆ. ಗಾಲ್ಫ್ ಮೈದಾನ ಹತ್ತಿರ. ಫಿಟಿಂಗ್ ಅಂಗಡಿ ಹಾಕಲು ಮೊದಲು ಲಾಂಚ್ ಮಾನಿಟರ್ (ಹೊಡೆದ ಚೆಂಡಿನ ವೇಗ, ಕೋನ ಅಳೆಯುವ ಯಂತ್ರ) ಕೊಳ್ಳಬೇಕೆ? ಸಾಲ ಮಾಡಿಯಾದರೂ ತರೋಣ ಅಂತಿದ್ದೇನೆ.

ಸಾಲ ಮಾಡಿ ಲಾಂಚ್ ಮಾನಿಟರ್ ತರಬೇಡಿ. ಈ ಕಸುಬಿನಲ್ಲಿ ದಿನಾ ದುಡ್ಡು ತರುವುದು ಗ್ರಿಪ್ (ಕೈಹಿಡಿ) ಬದಲಾವಣೆ, ಮುರಿದ ಶಾಫ್ಟ್ (ಕ್ಲಬ್ಬಿನ ದಂಡ), ಸಡಿಲಾದ ಹೆಡ್ (ಚೆಂಡಿಗೆ ಬಡಿಯುವ ತಲೆ), ಲೈ-ಲಾಫ್ಟ್ (ನೆಲಕ್ಕೆ ಶಾಫ್ಟಿನ ಕೋನ, ಹೆಡ್ಡಿನ ಮುಖದ ವಾಲು) ತಿದ್ದುವುದು, ಈ ನಾಲ್ಕೇ. ಹೊಸ ಸೆಟ್ ಕಟ್ಟಿಸಿಕೊಳ್ಳುವ ಗಿರಾಕಿ ಬರುವುದು ಇವುಗಳಲ್ಲಿ ನಿಮ್ಮ ಕೈ ನಂಬಿದ ಮೇಲೆ.

ಇನ್ನೊಂದು ತೊಡಕು ಜಾಗದ್ದು. ಡ್ರೈವರ್ (ಅತಿ ಉದ್ದದ ಕ್ಲಬ್) ಬೀಸಲು ಚಾವಣಿಯ ಎತ್ತರ ಕಡಿಮೆಯೆಂದರೂ 9 ಅಡಿ ಇರಬೇಕು, ಎತ್ತರದ ಆಟಗಾರನಿಗೆ 10 ಅಡಿ ಬೇಕು. ಗಾರ್ಮಿನ್ ಆರ್10ನಂಥ ರಾಡಾರ್ ಮಾನಿಟರನ್ನು ಚೆಂಡಿನ ಹಿಂದೆ 6ರಿಂದ 8 ಅಡಿ ದೂರ ಇಡಬೇಕು, ಮುಂದೆ ಚೆಂಡು ಹಾರಲು ಕನಿಷ್ಠ 8 ಅಡಿ ಬೇಕು. 12 ಅಡಿಯ ಕೋಣೆಯಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಚೆಂಡಿನ ಪಕ್ಕದಲ್ಲೇ ಇಡುವ ಕ್ಯಾಮೆರಾ ಮಾನಿಟರ್ ಹೊಂದಬಹುದು, ಆದರೆ ಅದರ ಬೆಲೆ ಬೇರೆಯೇ ಮಾತು. ಕೋಣೆಯನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ಗಿರಾಕಿಯ ಹೊಡೆತ ನೋಡಬೇಕಾದಾಗ ಡ್ರೈವಿಂಗ್ ರೇಂಜಿಗೆ (ಹೊಡೆತ ಅಭ್ಯಾಸದ ಮೈದಾನ) ಹೋಗಿ.

ಮೊದಲ ಹಂತಕ್ಕೆ ಇಷ್ಟು ಸಾಕು: ಗಟ್ಟಿ ಮೇಜಿಗೆ ಬಿಗಿದ ವೈಸ್, ಶಾಫ್ಟ್ ಹಿಡಿಯಲು ರಬ್ಬರ್ ಕ್ಲ್ಯಾಂಪ್, ಕೊಕ್ಕೆ ಬ್ಲೇಡ್, ಹೀಟ್ ಗನ್, ಸ್ಟೀಲ್ ಶಾಫ್ಟಿಗೆ ಪೈಪ್ ಕಟರ್, ಗ್ರಾಫೈಟಿಗೆ ಅಬ್ರೇಸಿವ್ ಚಕ್ರ, 0.1 ಗ್ರಾಂ ತೋರಿಸುವ ತಕ್ಕಡಿ, 48 ಇಂಚಿನ ಅಳತೆಪಟ್ಟಿ, ಸ್ವಿಂಗ್‌ವೇಟ್ ಸ್ಕೇಲ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆಂದು ಅಳೆಯುವ ತಕ್ಕಡಿ). ಎರಡನೇ ಹಂತಕ್ಕೆ ಗ್ರಾಫೈಟ್ ಶಾಫ್ಟ್ ಎಳೆಯುವ ಪುಲ್ಲರ್ ಮತ್ತು ಲೈ-ಲಾಫ್ಟ್ ಬೆಂಡಿಂಗ್ ಮಷೀನ್. ಮಾನಿಟರ್ ಇವೆಲ್ಲದರ ನಂತರ.

ಅದಿಲ್ಲದೆಯೂ ಫಿಟಿಂಗಿನ ಅರ್ಧ ಕೆಲಸ ನಡೆಯುತ್ತದೆ. ವೈಟ್‌ಬೋರ್ಡ್ ಮಾರ್ಕರನ್ನು ಫೇಸಿನ (ಹೆಡ್ಡಿನ ಚೆಂಡು ತಾಗುವ ಮುಖ) ತುಂಬ ಬಳಿದು ಹತ್ತು ಚೆಂಡು ಹೊಡೆಸಿ. ಗುರುತುಗಳು ಹೀಲ್ (ಶಾಫ್ಟಿನ ಬದಿ) ಕಡೆ ಗುಂಪಾಗಿವೆಯೋ, ಟೋ (ಹೊರತುದಿ) ಕಡೆಯೋ, ಹರಡಿವೆಯೋ ಎಂಬುದನ್ನು ಕಂಡರೆ ಉದ್ದದ ಬಗ್ಗೆ ನಿರ್ಧಾರಕ್ಕೆ ಬರಬಹುದು.

ಪ್ರಶ್ನೆ: ಗ್ರಿಪ್ ಹಾಕಿ ಎರಡು ದಿನವಾದರೂ ಕೈಯಲ್ಲಿ ತಿರುಗುತ್ತದೆ. ಟೇಪ್ ಸರಿಯಾಗಿಯೇ ಸುತ್ತಿದ್ದೆ. ಜಾರಿಸಲು ಸೀಮೆಎಣ್ಣೆ ಹಾಕಿದ್ದೆ. – ಓದುಗ, ಮೈಸೂರು

ಕಾರಣವನ್ನು ನೀವೇ ಬರೆದಿದ್ದೀರಿ. ಸೀಮೆಎಣ್ಣೆ ಗ್ರಿಪ್ಪಿನೊಳಗಿಂದ ಬೇಗ ಆರಿ ಹೋಗುವುದಿಲ್ಲ, ಎಣ್ಣೆಯ ಪದರ ಉಳಿದು ಟೇಪಿನ ಅಂಟು ಹಿಡಿಯುವುದಿಲ್ಲ. ಪೆಟ್ರೋಲ್ ಹಾಕುವವರೂ ಇದ್ದಾರೆ. ಅದು ಕ್ಷಣದಲ್ಲೇ ಆರುವುದರಿಂದ ಗ್ರಿಪ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಪಕ್ಕದಲ್ಲಿ ಹೀಟ್ ಗನ್ ಇರುವ ಮೇಜಿನ ಮೇಲೆ ಪೆಟ್ರೋಲ್ ಎಂದರೆ ಹೇಳಬೇಕಾದ್ದಿಲ್ಲ. ಎನ್‌ಸಿ ಥಿನ್ನರ್ ರಬ್ಬರನ್ನೂ ಗ್ರಾಫೈಟ್ ಶಾಫ್ಟಿನ ಬಣ್ಣವನ್ನೂ ತಿನ್ನುತ್ತದೆ. ಪೇಂಟ್ ಅಂಗಡಿಯಲ್ಲಿ ಎಂಟಿಒ ಎಂದು ಕೇಳಿದರೆ ಸಿಗುವ ಮಿನರಲ್ ಟರ್ಪೆಂಟೈನ್ ಸಾಕು. ರಾತ್ರಿಯಿಡೀ ಆರಲು ಬಿಡಬೇಕು, ಮಳೆಗಾಲದಲ್ಲಿ ಇನ್ನೂ ಅರ್ಧ ದಿನ.

ಕ್ರಮ ಹೀಗಿರಲಿ. ಹಳೆಯ ಗ್ರಿಪ್ಪನ್ನು ಕೊಕ್ಕೆ ಬ್ಲೇಡಿನಿಂದ ಸೀಳಿ. ಗ್ರಾಫೈಟ್ ಶಾಫ್ಟಾದರೆ ಬ್ಲೇಡ್ ಶಾಫ್ಟಿಗೆ ತಾಗದಂತೆ ಮೇಲಕ್ಕೆತ್ತಿಯೇ ಎಳೆಯಿರಿ, ಅಲ್ಲಿ ಬಿದ್ದ ಗೀರು ಮುಂದೊಂದು ದಿನ ಮುರಿತವಾಗುತ್ತದೆ. ಹಳೆಯ ಟೇಪಿಗೆ ಹದವಾಗಿ ಬಿಸಿ ಕೊಟ್ಟು ಕೆರೆದು, ಒರೆಸಿ. 2 ಇಂಚು ಅಗಲದ ಡಬಲ್ ಸೈಡ್ ಟೇಪನ್ನು ಉದ್ದಕ್ಕೆ ಅಂಟಿಸಿ, ತುದಿಯಲ್ಲಿ ಅರ್ಧ ಇಂಚು ಹೆಚ್ಚು ಬಿಟ್ಟು ತಿರುಚಿ ಶಾಫ್ಟಿನ ಬಾಯೊಳಗೆ ಒತ್ತಿ. ದ್ರಾವಣ ಒಳಗಿಳಿಯದಂತೆ ಅದು ತಡೆಯುತ್ತದೆ. ಗ್ರಿಪ್ಪಿನ ಮೇಲ್ತೂತನ್ನು ಬೆರಳಿನಿಂದ ಮುಚ್ಚಿ ಒಳಗೆ ಎಂಟಿಒ ಹಾಕಿ ಅಲುಗಾಡಿಸಿ, ಅದನ್ನೇ ಟೇಪಿನ ಮೇಲೆ ಸುರಿಯಿರಿ. ಆಮೇಲೆ ಒಂದೇ ದೂಡು, ನಡುವೆ ನಿಲ್ಲಿಸುವಂತಿಲ್ಲ. ಗ್ರಿಪ್ಪಿನ ಗುರುತನ್ನು ನೇರ ಮಾಡಲು ನಿಮಗೆ ಸಿಗುವುದು ಅರ್ಧ ನಿಮಿಷ.

ದಪ್ಪ ಬೇಕೆಂದವರಿಗೆ ಮಾಸ್ಕಿಂಗ್ ಟೇಪ್ ಸುತ್ತು. ಒಂದು ಸುತ್ತಿಗೆ ಸುಮಾರು 1/64 ಇಂಚು ದಪ್ಪ ಹೆಚ್ಚುತ್ತದೆ. ಆದರೆ ಮೊದಲು ಶಾಫ್ಟಿನ ಬುಡದ (ಗ್ರಿಪ್ ಕೂರುವ ಕೊನೆ) ವ್ಯಾಸ ಮತ್ತು ಗ್ರಿಪ್ಪಿನ ಒಳವ್ಯಾಸ ಎರಡನ್ನೂ ನೋಡಿ. 0.600 ಇಂಚಿನ ಶಾಫ್ಟಿಗೆ 0.580ರ ಗ್ರಿಪ್ ಹಾಕಿದರೆ ಟೇಪ್ ಸುತ್ತದೆಯೂ ದಪ್ಪವಾಗುತ್ತದೆ. ಸೆಟ್ಟಿನಲ್ಲಿ ಒಂದೆರಡು ಕ್ಲಬ್ ಮಾತ್ರ ದಪ್ಪ ಅನ್ನಿಸುವ ದೂರಿನ ಮೂಲ ಹೆಚ್ಚಾಗಿ ಇಲ್ಲೇ.

ಪ್ರಶ್ನೆ: ಎಪಾಕ್ಸಿ ಹಾಕಿ ಕೂರಿಸಿದ ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹೆಡ್ ಡ್ರೈವಿಂಗ್ ರೇಂಜಿನಲ್ಲಿ ಕಳಚಿ ಹಾರಿಹೋಯಿತು. ಪುಣ್ಯಕ್ಕೆ ಯಾರಿಗೂ ತಗಲಲಿಲ್ಲ. ಎಪಾಕ್ಸಿಯೇ ಕಳಪೆಯೆ? – ಓದುಗ, ಬೆಂಗಳೂರು

ಎಪಾಕ್ಸಿಯನ್ನು ದೂರುವ ಮುನ್ನ ಕಳಚಿದ ಶಾಫ್ಟಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಉತ್ತರ ಅಲ್ಲೇ ಇರುತ್ತದೆ. ತುದಿ ಕನ್ನಡಿಯಂತೆ ಹೊಳೆಯುತ್ತ, ಅಂಟೆಲ್ಲ ಹೋಸೆಲಿನ (ಹೆಡ್ಡಿನಲ್ಲಿ ಶಾಫ್ಟ್ ಕೂರುವ ಕೊಳವೆ) ಒಳಗೇ ಉಳಿದಿದ್ದರೆ ಕ್ರೋಮ್ ಉಜ್ಜಿ ತೆಗೆದಿಲ್ಲ ಎಂದರ್ಥ. ಎಪಾಕ್ಸಿ ಕ್ರೋಮ್ ಮೇಲೆ ನಿಲ್ಲುವುದಿಲ್ಲ. ಅಂಟು ಉಗುರಿಗೆ ಮೆತ್ತಗೆ ಸಿಕ್ಕರೆ ಎರಡು ಭಾಗಗಳ ಅಳತೆ ತಪ್ಪಿದೆ ಅಥವಾ ಸರಿಯಾಗಿ ಕಲಸಿಲ್ಲ. ತುದಿಯ ಕೆಳಗಿನ ಅರ್ಧಕ್ಕೆ ಮಾತ್ರ ಅಂಟು ತಗಲಿದ್ದರೆ ಹಾಕಿದ್ದೇ ಕಡಿಮೆ. ಅಂಟು ಎಲ್ಲ ಕಡೆ ಇದೆ, ಆದರೆ ಅಂಟಿನ ಗುರುತು ಹೋಸೆಲಿನ ಆಳದಷ್ಟಿಲ್ಲ ಎಂದಾದರೆ ಶಾಫ್ಟ್ ತಳ ಮುಟ್ಟಿರಲಿಲ್ಲ. ಒಳಗೆ ಸಿಕ್ಕಿದ ಗಾಳಿ ಅದನ್ನು ಮೇಲಕ್ಕೆ ತಳ್ಳಿರುತ್ತದೆ.

ಸ್ಟೀಲ್ ಶಾಫ್ಟಾದರೆ ಹೋಸೆಲಿನ ಆಳವನ್ನು ಮೊದಲು ಅಳೆಯಿರಿ, ಐರನ್‌ಗಳಲ್ಲಿ ಹೆಚ್ಚಾಗಿ 1¼ ಇಂಚಿನ ಆಸುಪಾಸು. ಅಷ್ಟಕ್ಕೂ ಕ್ರೋಮ್ ಹೊಳಪು ಪೂರ್ತಿ ಹೋಗುವವರೆಗೆ ಬೆಲ್ಟ್ ಅಥವಾ ಒರಟು ಎಮರಿಯಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಹೋಸೆಲಿನೊಳಗೆ ತಂತಿ ಬ್ರಷ್ ಆಡಿಸಿ ಹಳೆಯ ಅಂಟಿನ ಪುಡಿ ಹೊರತೆಗೆಯಿರಿ. 1ಕ್ಕೆ 1ರ ಎಪಾಕ್ಸಿಯನ್ನು ಪೂರ್ತಿ ಒಂದು ನಿಮಿಷ ಕಲಸಿ ಶಾಫ್ಟಿಗೂ ಹೋಸೆಲಿಗೂ ಹಚ್ಚಿ, ತಿರುಗಿಸುತ್ತ ನಿಧಾನವಾಗಿ ಇಳಿಸಿ. ಕೆಳಗೆ ಗಟ್ಟಿಯಾಗಿ ಕುಟ್ಟಿದರೆ ಗಾಳಿ ಹೊರಬೀಳುತ್ತದೆ. 24 ಗಂಟೆ ಮುಟ್ಟಬೇಡಿ, ಡಿಸೆಂಬರ್-ಜನವರಿಯ ಚಳಿಯಲ್ಲಿ ಇನ್ನೂ ಹೆಚ್ಚು. ಹಾರ್ಡ್‌ವೇರ್ ಅಂಗಡಿಯ 5 ನಿಮಿಷದ ಎಪಾಕ್ಸಿ ಈ ಕೆಲಸಕ್ಕಲ್ಲ, ಪೆಟ್ಟಿನ ಮೇಲೆ ಪೆಟ್ಟು ಬಿದ್ದಾಗ ಅದು ಬಿರಿಯುತ್ತದೆ.

ಗ್ರಾಫೈಟಿನ ವಿಷಯ ಬೇರೆ. ಅಲ್ಲಿ ಬಣ್ಣ ಮಾತ್ರ ಹೋಗಬೇಕು, ಕೆಳಗಿನ ನಾರು ತುಂಡಾಗಬಾರದು. ಕೈಯಿಂದ ಉಜ್ಜಿ ಮಂಕು ಬೂದು ಬಣ್ಣ ಕಂಡೊಡನೆ ನಿಲ್ಲಿಸಿ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಒಳ್ಳೆಯದಲ್ಲ. ಹೋಸೆಲಿನ ಬಾಯಂಚು ಚೂಪಾಗಿದ್ದರೆ ಅದನ್ನು ಇಳಿಜಾರು ಮಾಡಬೇಕು. ಹಾಗೇ ಬಿಟ್ಟರೆ ಆ ಅಂಚು ಶಾಫ್ಟನ್ನು ಕೊರೆದು, ಫೆರೂಲಿನ (ಹೋಸೆಲಿನ ಬಾಯಿಯ ಮೇಲಿನ ಪ್ಲಾಸ್ಟಿಕ್ ಬಳೆ) ಕೆಳಗೆ ಸರಿಯಾಗಿ ಅದೇ ಜಾಗದಲ್ಲಿ ಮುರಿಯುತ್ತದೆ. ಬಿಚ್ಚುವಾಗಲೂ ಅಷ್ಟೆ: ಸ್ಟೀಲ್ ಶಾಫ್ಟನ್ನು ಹೋಸೆಲ್ ಬಿಸಿ ಮಾಡಿ ತಿರುಚಿ ತೆಗೆಯಬಹುದು. ಗ್ರಾಫೈಟನ್ನು ತಿರುಚಲೇಬಾರದು, ಪುಲ್ಲರಿನಿಂದ ನೇರ ಎಳೆಯಬೇಕು.

ಇನ್ನೊಂದು, ಅಳತೆ ಹೊಂದಿದೆಯೆ ನೋಡಿ. ಐರನ್ ಶಾಫ್ಟಿನ ತುದಿ ಎರಡು ಬಗೆ: 0.355 ಇಂಚಿನ ಟೇಪರ್ (ತುದಿಗೆ ಸಣ್ಣದಾಗುತ್ತ ಹೋಗುವುದು), 0.370ರ ಪ್ಯಾರಲಲ್ (ತುದಿಯಲ್ಲಿ ಒಂದೇ ದಪ್ಪ). 0.370ರ ಹೋಸೆಲಿಗೆ 0.355ರ ಶಾಫ್ಟ್ ಸುಲಭವಾಗಿ ಇಳಿಯುತ್ತದೆ. ಆದರೆ ಒಳಗೆ ಸಂದು ಉಳಿದು ಓರೆಯಾಗಿ ಕೂರುತ್ತದೆ. ಹಿತ್ತಾಳೆಯ ಶಿಮ್ (ಸಂದು ತುಂಬುವ ತೆಳು ಬಳೆ) ಹಾಕಿ, ಅಂಟಿಗೆ ಗಾಜಿನ ಮಣಿಪುಡಿ ಚಿಟಿಕೆ ಬೆರೆಸಿ. ಕತ್ತರಿಸುವಾಗ ನೆನಪಿಡಬೇಕಾದ್ದು: ಪ್ಯಾರಲಲ್ ಶಾಫ್ಟನ್ನು ಮೊದಲು ತುದಿಯಲ್ಲಿ ತಯಾರಕರ ಪಟ್ಟಿಯಂತೆ ಕತ್ತರಿಸಿ, ಆಮೇಲೆ ಬುಡದಲ್ಲಿ ಉದ್ದ ಸರಿಮಾಡುವುದು. ಟೇಪರ್ ಶಾಫ್ಟಿನ ತುದಿ ಮುಟ್ಟುವಂತಿಲ್ಲ, ಪ್ರತಿ ಐರನ್‌ಗೂ ಬೇರೆ ಉದ್ದದ ಶಾಫ್ಟ್ ಬರುತ್ತದೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 3 ಇಂಚು. ಡ್ರೈವರನ್ನು ಒಂದು ಇಂಚು ಕತ್ತರಿಸಿಕೊಟ್ಟರು. ಈಗ ಹೆಡ್ ಇದೆಯೋ ಇಲ್ಲವೋ ಅನ್ನಿಸುತ್ತದೆ.

ಕತ್ತರಿಸಿದ್ದು ತಪ್ಪಲ್ಲ, ಕತ್ತರಿಸಿ ಹಾಗೇ ಕೊಟ್ಟದ್ದು ತಪ್ಪು. ಅರ್ಧ ಇಂಚು ಉದ್ದ ಕಡಿಮೆಯಾದರೆ ಸ್ವಿಂಗ್‌ವೇಟ್ ಸುಮಾರು 3 ಅಂಕ ಇಳಿಯುತ್ತದೆ. ಸಿ9 ಆದಮೇಲೆ ಡಿ0 ಎಂದು ಏರುವ ಈ ಅಳತೆಯಲ್ಲಿ ಡಿ2 ಇದ್ದ ನಿಮ್ಮ ಕ್ಲಬ್ ಒಂದು ಇಂಚಿಗೆ ಸಿ6ಕ್ಕೆ ಬಂದಿರುತ್ತದೆ. ಹೆಡ್ಡಿಗೆ 2 ಗ್ರಾಂ ಸೇರಿಸಿದರೆ ಒಂದು ಅಂಕ ಏರುತ್ತದೆ, ಅಂದರೆ ಪೂರ್ತಿ ಹಿಂದಕ್ಕೆ ತರಲು 12 ಗ್ರಾಂ. ಅಷ್ಟೂ ಬೇಕಾಗಲಾರದು. ಲೆಡ್ ಟೇಪಿನಿಂದ 2 ಗ್ರಾಂ, 4 ಗ್ರಾಂ, 6 ಗ್ರಾಂ ಅಂತ ಏರಿಸುತ್ತ ಹೋಗಿ (ಅರ್ಧ ಇಂಚು ಅಗಲದ ಟೇಪ್ 4 ಇಂಚು ಉದ್ದಕ್ಕೆ ಸುಮಾರು 2 ಗ್ರಾಂ). ಹೊಡೆತ ಫೇಸಿನ ನಡುವೆ ಬೀಳತೊಡಗಿದಲ್ಲಿ ನಿಲ್ಲಿಸಿ. ಡ್ರೈವರಿನ ತಳದಲ್ಲಿ ತೂಕದ ಸ್ಕ್ರೂ ಇದ್ದರೆ ಆಮೇಲೆ ಅದನ್ನೇ ಭಾರದ್ದಕ್ಕೆ ಬದಲಿಸಬಹುದು. ಹೋಸೆಲಿನೊಳಗೆ ತೂಕ ತುಂಬುವುದು 8 ಗ್ರಾಂ ದಾಟಿದರೆ ಭಾರದ ಕೇಂದ್ರ ಹೀಲ್ ಕಡೆ ಸರಿಯುತ್ತದೆ, ಅದು ಬೇಡ.

ಎತ್ತರವೊಂದನ್ನೇ ನೋಡಿ ಕತ್ತರಿಸುವುದೂ ಸರಿಯಲ್ಲ. ಶೂ ಹಾಕಿ ನೇರ ನಿಲ್ಲಿಸಿ, ಮಣಿಕಟ್ಟಿನ ಮಡಿಕೆಯಿಂದ ನೆಲಕ್ಕೆ ಅಳೆಯಬೇಕು. 34ರಿಂದ 36 ಇಂಚು ಬಂದರೆ ಸಾಮಾನ್ಯ ಉದ್ದವೇ ಆರಂಭ. ಗಿಡ್ಡ ಇದ್ದರೂ ತೋಳು ಚಿಕ್ಕದಿರುವವರಿಗೆ ಕತ್ತರಿಸುವ ಅಗತ್ಯವೇ ಬಾರದೆ ಹೋಗಬಹುದು.

ಪ್ರಶ್ನೆ: 47 ಇಂಚಿನ ಡ್ರೈವರ್ ಕಟ್ಟಿಕೊಡಿ ಅನ್ನುತ್ತಾರೆ. ನಿಯಮ ಒಪ್ಪುತ್ತದೆಯೆ?

ಸಾಮಾನ್ಯ ನಿಯಮದಲ್ಲಿ ಪಟರ್ (ಕುಳಿಗೆ ಚೆಂಡು ಉರುಳಿಸುವ ಕ್ಲಬ್) ಬಿಟ್ಟು ಉಳಿದ ಕ್ಲಬ್ಬಿಗೆ 48 ಇಂಚಿನ ಮಿತಿ. 2022ರಿಂದ ಜಾರಿಯಲ್ಲಿರುವ ಮಾದರಿ ಸ್ಥಳೀಯ ನಿಯಮವನ್ನು ಟೂರ್ನಿಯವರು ಅಳವಡಿಸಿಕೊಂಡಿದ್ದರೆ 46. ಗಿರಾಕಿ ಎಲ್ಲಿ ಆಡುತ್ತಾರೆಂದು ಕೇಳಿಯೇ ಕತ್ತರಿ ಹಿಡಿಯಿರಿ.

ಪ್ರಶ್ನೆ: ಲೈ ಬದಲಿಸುವಾಗ 6 ಐರನ್ ಹೋಸೆಲಿನಲ್ಲೇ ಮುರಿಯಿತು. 3 ಡಿಗ್ರಿ ಮಾತ್ರ ಬಗ್ಗಿಸುತ್ತಿದ್ದೆ.

ಆ "ಮಾತ್ರ" ಯಾವ ಲೋಹಕ್ಕೆ ಎಂಬುದು ಮುಖ್ಯ. ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಕಾರ್ಬನ್ ಸ್ಟೀಲ್ 3 ಡಿಗ್ರಿಗೆ ಮಣಿಯುತ್ತದೆ. 17-4 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಎರಕ ಹೊಯ್ದದ್ದು ಗಡಸು, 2 ಡಿಗ್ರಿ ದಾಟಬೇಡಿ. ಅಗ್ಗದ ಪೂರ್ತಿ ಸೆಟ್ಟುಗಳಲ್ಲಿ ಸತುವಿನ ಹೆಡ್ ಇರುತ್ತದೆ, ಅದು ಬಗ್ಗುವುದೇ ಇಲ್ಲ, ಮುರಿಯುತ್ತದೆ. ಐರನ್‌ಗೆ ಅಯಸ್ಕಾಂತ ಹಿಡಿಯದಿದ್ದರೆ ಬೆಂಡಿಂಗ್ ಮಷೀನಿಗೆ ಏರಿಸಬೇಡಿ. ಮೊದಲೇ ಒಮ್ಮೆ ಬಗ್ಗಿಸಿ ವಾಪಸ್ ತಂದದ್ದೂ ಅಪಾಯವೇ. ಎರಕದ ಹೆಡ್ ಆದರೆ ಮುರಿದರೆ ಹೊಣೆ ಯಾರದು ಎಂಬುದನ್ನು ಕೆಲಸದ ಚೀಟಿಯಲ್ಲೇ ಬರೆದು ಗಿರಾಕಿಯ ಸಹಿ ಪಡೆಯಿರಿ.

ಅಷ್ಟಕ್ಕೂ 3 ಡಿಗ್ರಿ ಬೇಕಿತ್ತೆ? ಚೆಂಡಿನ ಮೇಲೆ ಮಾರ್ಕರಿನಿಂದ ನೆಟ್ಟಗೆ ಗೆರೆ ಎಳೆದು, ಗೆರೆ ಫೇಸಿಗೆ ಎದುರಾಗುವಂತಿಟ್ಟು ಹೊಡೆಸಿ. ಫೇಸ್ ಮೇಲೆ ಮೂಡಿದ ಗೆರೆಯ ತಲೆ ಟೋ ಕಡೆ ವಾಲಿದ್ದರೆ ಲೈ ಹೆಚ್ಚು ಅಪ್‌ರೈಟ್ (ಶಾಫ್ಟ್ ತೀರ ನೆಟ್ಟಗೆ), ಹೀಲ್ ಕಡೆ ವಾಲಿದ್ದರೆ ಫ್ಲಾಟ್ (ತೀರ ಮಲಗಿದ್ದು). ಲೈ 2 ಡಿಗ್ರಿ ಅಪ್‌ರೈಟ್ ಇದ್ದರೆ 33 ಡಿಗ್ರಿಯ 7 ಐರನ್‌ನ ಫೇಸ್ ಬಲಗೈ ಆಟಗಾರನಿಗೆ ಸುಮಾರು 1.3 ಡಿಗ್ರಿ ಎಡಕ್ಕೆ ನೋಡುತ್ತದೆ, 150 ಯಾರ್ಡಿಗೆ ಮೂರೂವರೆ ಯಾರ್ಡ್. ಲಾಫ್ಟ್ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಹಾಗಾಗಿ ಹೆಚ್ಚು ಲಾಫ್ಟಿನ ವೆಜ್‌ಗಳಿಂದ ಶುರುಮಾಡಿ. ಲಾಫ್ಟ್ ಬಗ್ಗಿಸಿದರೆ ಬೌನ್ಸ್ (ಹೆಡ್ಡಿನ ತಳದ ಕೋನ) ಕೂಡ ಅಷ್ಟೇ ಡಿಗ್ರಿ ಬದಲಾಗುತ್ತದೆ ಎಂಬುದನ್ನು ಗಿರಾಕಿಗೆ ಮೊದಲೇ ಹೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಫಿಟ್ ಮಾಡಿಸಿದ ಸೆಟ್ ಮಂಗಳೂರಿನಲ್ಲಿ ದೂರ ಹೋಗುತ್ತಿಲ್ಲ. ಫಿಟಿಂಗ್ ತಪ್ಪೆ?

ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ಸುಮಾರು 3 ಶೇಕಡಾ ಹೆಚ್ಚು ಹಾರುತ್ತದೆ. ಇಲ್ಲಿಯ 150 ಯಾರ್ಡ್ ಕರಾವಳಿಯಲ್ಲಿ 145. ಕ್ಲಬ್ ಮುಟ್ಟಬೇಡಿ, ಯಾರ್ಡೇಜ್ ಚೀಟಿ (ಯಾವ ಕ್ಲಬ್ ಎಷ್ಟು ದೂರ ಎಂಬ ಪಟ್ಟಿ) ಎರಡು ಇಟ್ಟುಕೊಳ್ಳಿ.

ಪ್ರಶ್ನೆ: ಹೆಡ್, ಶಾಫ್ಟ್‌ಗಳನ್ನು ಹೊರದೇಶದಿಂದ ತರಿಸಲು ಏನು ಬೇಕು? ಕ್ಯಾಡಿಗಳು (ಆಟಗಾರನ ಬ್ಯಾಗ್ ಹೊರುವವರು) ತರುವ ಕೆಲಸಕ್ಕೆ ಕಮಿಷನ್ ಕೊಡಬೇಕೆ?

ವ್ಯಾಪಾರಕ್ಕೆ ಆಮದು ಮಾಡಲು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ಐಇಸಿ (ಆಮದು-ರಫ್ತು ಸಂಕೇತ) ಪಡೆಯಬೇಕು. ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್-ಜೂನ್ ನಡುವೆ ವಿವರ ಖಚಿತಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಸುಂಕ ಬೀಳುವುದು ಮಾಲಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಶಾಫ್ಟ್ ಉದ್ದದ ಪೆಟ್ಟಿಗೆ, ಸಾಗಣೆಯೇ ದುಬಾರಿ. ಒಂದೊಂದೇ ತರಿಸಿದರೆ ನಿಮ್ಮ ಲಾಭ ಅಲ್ಲೇ ಮುಗಿಯುತ್ತದೆ, ನಾಲ್ಕಾರು ಆರ್ಡರ್ ಕೂಡಿಸಿ ತರಿಸಿ. ಮಾಲೂ ಸೇವೆಯೂ ಸೇರಿದ ನಿಮ್ಮಂಥ ವ್ಯಾಪಾರಕ್ಕೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರರಾಜ್ಯಕ್ಕೆ ಮಾಲು ಮಾರುವುದಾದರೆ ಮಿತಿಯ ಮಾತೇ ಇಲ್ಲ, ಮೊದಲಿನಿಂದಲೇ ಬೇಕು. ನೋಂದಣಿ ಇದ್ದರೆ ಆಮದಿನಲ್ಲಿ ಕಟ್ಟಿದ ಐಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ, ಕಸ್ಟಮ್ಸ್ ಸುಂಕಕ್ಕೆ ಸಿಗುವುದಿಲ್ಲ.

ಬಿಲ್ಲಿನಲ್ಲಿ ಸಾಮಾನು ಮತ್ತು ಕೂಲಿಯನ್ನು ಬೇರೆ ಬೇರೆ ಬರೆಯಿರಿ. ಆನ್‌ಲೈನಿನಲ್ಲಿ ತಾನೇ ಗ್ರಿಪ್ ಕೊಂಡು ತರುವ ಗಿರಾಕಿಗೂ ಆಗ ಕೂಲಿ ಹೇಳಲು ಮುಜುಗರವಿಲ್ಲ.

ಕ್ಯಾಡಿಗಳಿಗೆ ಕೊಡಿ. ಆಟಗಾರನ ಗ್ರಿಪ್ ಸವೆದದ್ದು, ಹೆಡ್ ಕಿರುಗುಟ್ಟುವುದು ಮೊದಲು ತಿಳಿಯುವುದು ಅವರಿಗೇ. ಆದರೆ ಕಮಿಷನ್ ಕೂಲಿಯ ಭಾಗದಿಂದ ಮಾತ್ರ ಇರಲಿ. ಸಾಮಾನಿನ ಬೆಲೆಗೆ ಏರಿಸಿ ಕೊಟ್ಟರೆ ಆಟಗಾರ ಆ ಗ್ರಿಪ್ಪಿನ ದರವನ್ನು ಫೋನಿನಲ್ಲಿ ಒಂದು ನಿಮಿಷದಲ್ಲಿ ನೋಡುತ್ತಾನೆ. ಕ್ಯಾಡಿ ತಂದ ಬ್ಯಾಗಿನಲ್ಲಿ ಎಷ್ಟು ಕ್ಲಬ್ ಇದ್ದವು, ಯಾವುದರಲ್ಲಿ ಗೀರು ಇತ್ತು ಎಂಬುದನ್ನು ಅವರ ಎದುರೇ ಎಣಿಸಿ, ಫೋಟೊ ತೆಗೆದು, ಆಟಗಾರನಿಗೇ ವಾಟ್ಸ್ಆ್ಯಪ್ ಮಾಡಿಬಿಡಿ.