ಬಲಿತದ್ದು ಬೇರೆ, ಮಾಗಿದ್ದು ಬೇರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶರತ್ಕಾಲದ ಹಣ್ಣು–ತರಕಾರಿಗಳ ಬಗ್ಗೆಯೇ ಇವೆ. ಹಣ್ಣಿನ ಶೈತ್ಯಾಗಾರವೊಂದರ ಪರೀಕ್ಷಾ ಕೊಠಡಿಯಲ್ಲಿ 26 ವರ್ಷ ಕೆಲಸ ಮಾಡಿದವಳು ನಾನು. ಕೊಯ್ಲಿನ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಹೆಚ್ಚಿ ನೋಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಮೊದಲ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಸೇಬಿನ ಸುಗ್ಗಿ ನಡೆಯುತ್ತಿರುವಾಗಲೇ ಕೊಂಡ ಸೇಬು ಬಾಯಿಗಿಟ್ಟರೆ ಹಿಟ್ಟು ಹಿಟ್ಟಾಗಿತ್ತು. ಹೊಸ ಫಸಲು ಬಂದಿರುವಾಗ ಹೀಗೇಕೆ?

ಉತ್ತರ: ನಿಮಗೆ ಸಿಕ್ಕಿದ್ದು ಹೊಸ ಫಸಲೇ ಎಂದು ಹೇಳಲಾಗದು. ಉತ್ತರಾರ್ಧಗೋಳದಲ್ಲಿ ಸೇಬಿನ ಕೊಯ್ಲು ಬಹುಪಾಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ, ದಕ್ಷಿಣಾರ್ಧಗೋಳದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಹೊಸದಕ್ಕೆ ಜಾಗ ಮಾಡಲೆಂದು ಉಗ್ರಾಣದಲ್ಲಿ ಉಳಿದಿದ್ದ ಹಿಂದಿನ ವರ್ಷದ ಹಣ್ಣು ಹೊರಬರುವುದೂ ಆ ದಿನಗಳಲ್ಲೇ. ಹೊಸದು, ಹಳೆಯದು ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ.

ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಸೇಬನ್ನು ದೂರಬೇಡಿ. ಕೊಯ್ದ ಮೇಲೂ ಹಣ್ಣು ಉಸಿರಾಡುತ್ತದೆ, ತನ್ನ ಸಿಹಿ, ಹುಳಿಗಳನ್ನೇ ಉರುವಲು ಮಾಡಿಕೊಂಡು ಸವೆಯುತ್ತದೆ. ಆ ಉಸಿರನ್ನು ನಿಧಾನಗೊಳಿಸುವುದೇ ಶೈತ್ಯಾಗಾರದ ಕೆಲಸ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದ್ದರೆ, ಸೇಬಿನ ಕೊಠಡಿಯಲ್ಲಿ ಅದನ್ನು ಶೇ 1ರಿಂದ 3ಕ್ಕೆ ಇಳಿಸಿ, ಉಷ್ಣಾಂಶವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಇಂಗ್ಲೆಂಡಿನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ 1920ರ ದಶಕದಲ್ಲಿ ನಡೆಸಿದ ಪ್ರಯೋಗಗಳೇ ಈ ವಿಧಾನಕ್ಕೆ ಬುನಾದಿ. ಹೀಗೆ ಜೋಪಾನ ಮಾಡಿದ ಒಳ್ಳೆಯ ತಳಿಯ ಸೇಬು ಹತ್ತು ತಿಂಗಳ ಮೇಲೂ ಗರಿಗರಿಯಾಗಿ ಇರುವುದನ್ನು ನಾನೇ ತಿಂದು ನೋಡಿದ್ದೇನೆ.

ನನ್ನ ಅನುಭವದಲ್ಲಿ ಕೆಡುಕು ಹೆಚ್ಚಾಗಿ ಶುರುವಾಗುವುದು ಕೊಯ್ಲಿನ ದಿನವೇ. ನಮ್ಮ ಭಾಷೆ ಬಲಿಯುವುದಕ್ಕೂ ಮಾಗುವುದಕ್ಕೂ ಎರಡು ಮಾತು ಇಟ್ಟುಕೊಂಡಿದೆ. ಹಣ್ಣಿನ ಕಸುಬಿನವರ ಇಡೀ ಲೆಕ್ಕಾಚಾರ ಈ ಎರಡರ ನಡುವಿನ ಕೆಲವೇ ದಿನಗಳದ್ದು. ಅದನ್ನು ಅಳೆಯಲು ಸೇಬನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕೊಯ್ದ ಮುಖಕ್ಕೆ ಅಯೋಡಿನ್ ದ್ರಾವಣ ಸವರುತ್ತಿದ್ದೆವು. ಪಿಷ್ಟ ಇರುವಲ್ಲೆಲ್ಲ ಕಪ್ಪು ನೀಲಿ ಬಣ್ಣ ಏರುತ್ತದೆ. ಪಿಷ್ಟ ಸಕ್ಕರೆಯಾಗಿರುವ ಕಡೆ ತಿರುಳು ಬೆಳ್ಳಗೇ ಉಳಿಯುತ್ತದೆ. ಬೀಜದ ಗೂಡಿನಿಂದ ಆರಂಭವಾಗುವ ಆ ಬಿಳಿ, ಹೂವು ಅರಳಿದಂತೆ ಸಿಪ್ಪೆಯ ಕಡೆಗೆ ಹಬ್ಬುತ್ತದೆ. ಹೋಳು ಪೂರ್ತಿ ಕಪ್ಪಾದರೆ ಹಣ್ಣು ಇನ್ನೂ ಬಲಿತಿಲ್ಲ, ಪೂರ್ತಿ ಬೆಳ್ಳಗಿದ್ದರೆ ಆಗಲೇ ಮಾಗಿಬಿಟ್ಟಿದೆ. ಎರಡನೆಯದನ್ನು ಕೂಡಲೇ ತಿಂದರೆ ಅದರಂಥ ಹಣ್ಣಿಲ್ಲ. ಅದನ್ನೇ ತಿಂಗಳುಗಟ್ಟಲೆ ಇಟ್ಟರೆ ತಿರುಳಿನ ಕೋಶಗಳನ್ನು ಅಂಟಿಸಿರುವ ಪದರ ಸಡಿಲವಾಗುತ್ತದೆ. ಆಗ ಹಲ್ಲಿಗೆ ಸಿಕ್ಕಿದ ಕೋಶಗಳು ಒಡೆಯದೆ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ರಸ ಒಳಗೇ ಉಳಿಯುತ್ತದೆ, ನಾಲಿಗೆಗೆ ಹಿಟ್ಟು ಸಿಗುತ್ತದೆ. ನಿಮಗಾದ ಅನುಭವ ಇದೇ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಗಾತ್ರಕ್ಕೆ ತಕ್ಕ ಭಾರ ಇದೆಯೇ, ಹೆಬ್ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆಯೇ ನೋಡಿ. ಮನೆಗೆ ತಂದ ಮೇಲೆ ಹೊರಗಿಡದೆ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಮರಸೇಬು ತಂದಾಗ ಕಲ್ಲಿನಂತಿರುತ್ತದೆ. ಮೆತ್ತಗಾಗಲಿ ಎಂದು ಕಾದರೆ ಒಳಗೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಯಾವಾಗ ತಿನ್ನಬೇಕು?

ಉತ್ತರ: ಮರಸೇಬು ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣು. ಮರದಲ್ಲೇ ಬಿಟ್ಟರೆ ಹೊರಗೆ ಹದ ಬರುವಷ್ಟರಲ್ಲಿ ನಡುಭಾಗ ಕೆಟ್ಟಿರುತ್ತದೆ. ಅದಕ್ಕೇ ಬಲಿತ ಕೂಡಲೇ, ಗಟ್ಟಿಯಿರುವಾಗಲೇ ಕೊಯ್ಯುತ್ತಾರೆ. ಹಾಗಾಗಿ ಕಲ್ಲಿನಂತಿರುವುದು ದೋಷವಲ್ಲ. ನೀವು ಹೊಟ್ಟೆಯ ಭಾಗವನ್ನು ಒತ್ತಿ ನೋಡುತ್ತಿದ್ದೀರಿ ಎಂದು ತೋರುತ್ತದೆ. ಅದು ಮೆತ್ತಗಾಗುವ ಹೊತ್ತಿಗೆ ತಡವಾಗಿರುತ್ತದೆ. ತೊಟ್ಟಿನ ಬುಡದಲ್ಲಿ, ಕತ್ತಿನ ಹತ್ತಿರ, ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಿ ತುಸು ಬಾಗಿದರೆ ಅಂದೇ ತಿನ್ನಿ.

ಪ್ರಶ್ನೆ: ಚಳಿ ಕಾಲಿಡುತ್ತಿದ್ದಂತೆ ಟೊಮೆಟೊ ಸಪ್ಪೆಯಾಗುತ್ತದೆ, ಎಲೆಕೋಸು ಮಾತ್ರ ಸಿಹಿಯಾಗುತ್ತದೆ. ಇದು ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ, ನಿಮ್ಮ ನಾಲಿಗೆ ಸರಿಯಾಗಿಯೇ ಹೇಳಿದೆ. ಎಲೆಕೋಸು, ಕ್ಯಾರೆಟ್‌ನಂಥವು ಚಳಿ ತಾಗಿದಾಗ ಸಕ್ಕರೆಯನ್ನು ಕೂಡಿಹಾಕಿಕೊಳ್ಳುತ್ತವೆ. ಸಕ್ಕರೆ ಬೆರೆತ ನೀರು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ, ಗಿಡಕ್ಕೆ ಅದೇ ರಕ್ಷೆ. ಟೊಮೆಟೊ ಬೆಚ್ಚಗಿನ ಹವೆಯ ಬೆಳೆ. ಬಿಸಿಲು ಕಡಿಮೆಯಾದಂತೆ ಅದು ಕೂಡಿಸುವ ಸಕ್ಕರೆಯೂ ಇಳಿಯುತ್ತದೆ. ಹಿಮ ಬೀಳುವ ಭಯಕ್ಕೆ ಹಸಿರಾಗಿಯೇ ಕೊಯ್ದು, ಕೊಠಡಿಯಲ್ಲಿ ಕೆಂಪಾಗಿಸುವುದೂ ಉಂಟು. ಇಷ್ಟೆಲ್ಲ ದಾಟಿ ಬಂದ ಹಣ್ಣನ್ನು ನಾವು ಫ್ರಿಜ್‌ಗೆ ತಳ್ಳುತ್ತೇವೆ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಟೊಮೆಟೊಗಳು ಪರಿಮಳವನ್ನು ಗಣನೀಯವಾಗಿ ಕಳೆದುಕೊಂಡಿದ್ದವು. ಪರಿಮಳ ಹೋದರೆ ಟೊಮೆಟೊದಲ್ಲಿ ಉಳಿಯುವುದಾದರೂ ಏನು? ದಯವಿಟ್ಟು ಹೊರಗಿಡಿ, ಬೇಗ ಬಳಸಿ.

ಪ್ರಶ್ನೆ: ಸಿಹಿಗುಂಬಳವನ್ನು ಎಷ್ಟು ದಿನ ಇಡಬಹುದು?

ಉತ್ತರ: ತೊಟ್ಟು ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ದು, ಸಿಪ್ಪೆಗೆ ಉಗುರು ಇಳಿಯದಿದ್ದರೆ ಎರಡು ಮೂರು ತಿಂಗಳು. ಜಾಗ ಒಣಗಿರಬೇಕು, ಉಷ್ಣಾಂಶ 10ರಿಂದ 13 ಡಿಗ್ರಿ ಇದ್ದರೆ ಉತ್ತಮ. ಫ್ರಿಜ್ ಬೇಡ, ಅತಿ ತಂಪಿಗೆ ಅದು ಬೇಗ ಕೊಳೆಯುತ್ತದೆ. ತೊಟ್ಟು ಮುರಿದದ್ದನ್ನು ಮೊದಲು ಅಡುಗೆಗೆ ತೆಗೆದುಕೊಳ್ಳಿ.

ಪ್ರಶ್ನೆ: ತರುವಾಗ ಚೆನ್ನಾಗಿದ್ದ ಕ್ಯಾರೆಟ್ ಒಂದೆರಡು ವಾರದಲ್ಲಿ ಕಹಿಯಾಯಿತು. ಔಷಧಿ ಸಿಂಪಡಿಸಿದ್ದರಿಂದ ಹೀಗಾಗಿರಬಹುದೇ?

ಉತ್ತರ: ಅದಕ್ಕಿಂತ ಮೊದಲು ನಿಮ್ಮ ಫ್ರಿಜ್‌ನ ಡಬ್ಬಿಯನ್ನು ನೋಡಿ. ಕ್ಯಾರೆಟ್ ಪಕ್ಕದಲ್ಲಿ ಸೇಬು ಇದೆಯೇ? ಮಾಗುವ ಸೇಬು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಅದು ತಾಗಿದ ಕ್ಯಾರೆಟ್‌ನಲ್ಲಿ ಕಹಿ ಅಂಶ ಹುಟ್ಟುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಒಂದು ಚೀಲ ಕ್ಯಾರೆಟ್ ಹೀಗೆಯೇ ಕಳೆದುಕೊಂಡೆ. ಬೆಳೆದವರನ್ನೇ ಮನಸ್ಸಿನಲ್ಲಿ ಬೈದುಕೊಂಡಿದ್ದಕ್ಕೆ ಈಗಲೂ ನನಗೆ ಬೇಸರವಿದೆ. ಸೊಪ್ಪು ಬೇಗ ಹಳದಿಯಾಗುವುದಕ್ಕೂ ಇದೇ ಅನಿಲ ಒಂದು ಕಾರಣ. ಸೇಬು, ಮರಸೇಬುಗಳನ್ನು ಬೇರೆಯೇ ಡಬ್ಬಿಯಲ್ಲಿ ಮುಚ್ಚಿಡಿ. ಈಗ ಕಹಿಯಾಗಿರುವ ಕ್ಯಾರೆಟ್ ಬೇಯಿಸಿದರೂ ಸರಿಹೋಗುವುದಿಲ್ಲ.