ಬೀದರ್‌ನ ನೆಲದ ಏರಿಳಿತವನ್ನು ಸಂಗೀತ ಮಾಡಿ ಕೇಳಬಹುದಾ?

ಖಂಡಿತ ಕೇಳಬಹುದು. ನೆಲದ ಎತ್ತರ ಅಂದರೆ ಸಾಲಾಗಿ ಬರೆದ ಅಂಕಿಗಳು. ಅಂಕಿ ಏರಿದರೆ ಸ್ವರ ಏರಬೇಕು, ಇಳಿದರೆ ಇಳಿಯಬೇಕು. 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್‌ನಿಂದ ಅಳೆದ ಎತ್ತರಗಳು ಸುಮಾರು 30 ಮೀಟರಿಗೆ ಒಂದರಂತೆ ಉಚಿತವಾಗಿ ಸಿಗುತ್ತವೆ. 3 ಕಿಲೋಮೀಟರ್ ಗೆರೆ ಎಳೆದರೆ 100 ಅಂಕಿ. ಸೆಕೆಂಡಿಗೆ 4 ಸ್ವರ ನುಡಿಸಿದರೆ 25 ಸೆಕೆಂಡಿನ ಸಂಗೀತ.

ಬೀದರ್ ಕೂತಿರುವುದು ಕೆಂಪು ಲ್ಯಾಟರೈಟ್ ಕಲ್ಲಿನ ಚಪ್ಪಟೆ ದಿಬ್ಬದ ಮೇಲೆ. ಊರೊಳಗಿಂದ ಕೋಟೆಯ ಕಡೆ ಗೆರೆ ಎಳೆದರೆ ಸ್ವರ ಬಹಳ ಹೊತ್ತು ಅಷ್ಟಾಗಿ ಕದಲುವುದಿಲ್ಲ. ದಿಬ್ಬದ ಅಂಚು ಬಂತೋ, ಸರ್ರನೆ ಇಳಿಯುತ್ತದೆ. ಆ ಇಳಿತವೇ ನಮ್ಮೂರಿನ ಗುರುತು, ಅಲ್ವಾ?

ಅಂಕಿಗಳನ್ನು ಹಾಗೇ ನುಡಿಸಿದರೆ ಸೀಟಿ ಊದಿದಂತಿರುತ್ತದೆ. ಗಾಯಕರು ಅದನ್ನು ಭೂಪ್ ರಾಗದ ಸ ರಿ ಗ ಪ ಧ ಸ್ವರಗಳಿಗೆ ಹೊಂದಿಸಬಹುದು. ರಾಡಾರ್ ಮರ, ಕಟ್ಟಡಗಳನ್ನೂ ನೆಲದ ಎತ್ತರದಲ್ಲಿ ಸೇರಿಸಿಬಿಡುತ್ತದೆ. ಅದನ್ನು ಬೇರೆ ಮಾಡಲು ಇಂಥ ಅಳತೆಗಳನ್ನು ಬಲ್ಲವರ ನೆರವು ಬೇಕು. ಕೇಳಲು ಚೆಂದ ಅಂತ ಸುಮ್ನೆ ಸ್ವರ ಸೇರಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ಅದು ಬೀದರ್ ನೆಲವಲ್ಲ.

ನನಗೆ ಇನ್ನೂ ಜಾಸ್ತಿ ಆಸೆ ಇರುವುದು ಬೀದರ್ ಪಕ್ಕದ ನೌಬಾದಿನಲ್ಲಿ ನೆಲದಡಿ ನೀರು ಹರಿಸಲು ತೋಡಿದ ಹಳೇ ಸುರಂಗ ಕಾಲುವೆಯ ಮೇಲೆ. ಅದರ ಬಾವಿಗಳ ನೀರಿನ ಮಟ್ಟವನ್ನು ವರ್ಷವಿಡೀ ಅಳೆದು ಸ್ವರಕ್ಕೆ ಕಟ್ಟಿದರೆ, ಮಳೆಗಾಲ ಬಂದದ್ದು ಕಿವಿಗೇ ತಿಳಿಯುತ್ತದೆ.